ಕೀಡಿಗೆ ಇಲ್ಲದ ಜಗಳ ಮನುಷ್ಯನಿಗೆ ಯಾಕೆ?

ನವೆಂಬರ್ ಬಂತೆಂದರೆ ನಮ್ಮ ಅಂಗಡಿಯಲ್ಲಿ ದಿನವೂ ಒಂದೇ ಮಾತು. "ಎಣ್ಣಿ ಹೊಡದ್ರೂ ಕೀಡಿ ಸಾಯವಲ್ದು." ಎಣ್ಣಿ ಅಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟದ ಔಷಧಿ, ಕೀಡಿ ಅಂದರೆ ಕಾಯಿ ಕೊರೆಯುವ ಹುಳು. ಅದು ತೊಗರಿ ಹೂವಾಡಿ ಕಾಯಿ ಕಟ್ಟುವ ಹೊತ್ತು. ಕೀಡಿ ಕಾಯಿಗೆ ತೂತು ಕೊರೆಯುತ್ತದೆ. ತಲೆ ಒಳಗೆ ತೂರಿಸಿ, ಅರ್ಧ ಮೈ ಹೊರಗೆ ಬಿಟ್ಟುಕೊಂಡು ಕಾಳು ತಿನ್ನುತ್ತದೆ. ಸೇಡಂ ಕಡೆಯ ಒಂದು ಊರಿನಲ್ಲಿ ನಮ್ಮದು ಬೀಜ, ಗೊಬ್ಬರ, ಔಷಧಿಯ ಅಂಗಡಿ. ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಓದಿ ಬಿಎಸ್ಸಿ ಮುಗಿಸಿದ ಮೇಲೆ ನಾನು ಅಪ್ಪನ ಗಲ್ಲಾದ ಮೇಲೆ ಬಂದು ಕೂತೆ.

ಹೋದ ವರ್ಷ ಒಬ್ಬ ಹಿರಿಯ ರೈತರು ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಗಲ್ಲಾದ ಮೇಲೆ ಇಟ್ಟರು. ಒಳಗೆ ಏಳೆಂಟು ಕೀಡಿ. "ಮೊದಲ ಇದೇ ಎಣ್ಣಿ ಹೊಡದ್ರ ಸಂಜಿಕ ಉದುರ್ತಿದ್ವು. ಈಗ ನೋಡ್ರಿ, ಹ್ಯಾಂಗ ಆಡ್ಲಿಕತ್ಯಾವ. ಎಣ್ಣಿ ಕುಡದು ಕುಡದು ರೂಢಿ ಆಗ್ಯಾದ ಇವಕ್ಕ" ಅಂದರು. ಅವರು ಹೋದ ಮೇಲೆ, ಮೂಲೆಯಲ್ಲಿ ಕೂತು ಓದುತ್ತಿದ್ದ ಅಣ್ಣನ ಮಗಳು ತಲೆ ಎತ್ತಿದಳು. ಅವಳು ಆಗ ಹತ್ತನೇ ತರಗತಿ. "ಕಾಕಾ, ಮಂಗ್ಯಾನಿಂದ ಮನಶ್ಯಾ ಬಂದಾನ ಅಂತಾರಲ್ಲ. ಹಂಗಿದ್ರ ಈಗಿನ ಮಂಗ್ಯಾ ಯಾಕ ಮನಶ್ಯಾ ಆಗವಲ್ವು?" ಫೋನಿನಲ್ಲಿ ಯಾರೋ ಕಳಿಸಿದ ವಿಡಿಯೋ ನೋಡಿದ್ದಳು.

ರೈತರ ದೂರು, ಹುಡುಗಿಯ ಪ್ರಶ್ನೆ ಎರಡೂ ಒಂದೇ ವಿಷಯದ ಮೇಲೆ. ಎರಡೂ ಜೀವವಿಕಾಸದ ಮಾತು, ಅಂದರೆ ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಾ ಹೋಗುವುದರ ಮಾತು. ಆದರೆ ಕೀಡಿಯ ಬಗ್ಗೆ ಯಾವ ಗುಡಿ, ಮಠ, ಮಸೀದಿ, ಚರ್ಚೂ ಸಿಟ್ಟಾಗಿಲ್ಲ. ಮಂಗ್ಯಾನ ಬಗ್ಗೆ ಮಾತ್ರ 160 ವರ್ಷಗಳಿಂದ ಜಗಳ ನಡೆದಿದೆ. ಯಾಕೆ ಅಂತ ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಕೀಡಿ. ಒಂದು ಹೊಲದಲ್ಲಿ ಸಾವಿರ ಕೀಡಿ ಇವೆ ಅಂದುಕೊಳ್ಳಿ. ನೋಡಲು ಎಲ್ಲ ಒಂದೇ ಥರ. ಆದರೆ ಒಳಗೆ ಸಣ್ಣ ಸಣ್ಣ ವ್ಯತ್ಯಾಸ ಇರುತ್ತದೆ, ಒಂದೇ ತಾಯಿಯ ಮಕ್ಕಳಲ್ಲಿ ಇರುವ ಹಾಗೆ. ಅವುಗಳಲ್ಲಿ ಐದಾರು ಕೀಡಿಗೆ ಆ ವಿಷವನ್ನು ಮೈಯೊಳಗೆ ಒಡೆದು ಹಾಕುವ ಶಕ್ತಿ ಹುಟ್ಟಿನಿಂದಲೇ ಸ್ವಲ್ಪ ಜಾಸ್ತಿ. ಎಣ್ಣಿ ಹೊಡೆದಿರಿ. ಉಳಿದವೆಲ್ಲ ಸತ್ತವು, ಈ ಐದಾರು ಉಳಿದವು. ಒಂದು ಹೆಣ್ಣು ಪತಂಗ ನೂರಾರು ಮೊಟ್ಟೆ ಇಡುತ್ತದೆ. ತಿಂಗಳು, ಒಂದೂವರೆ ತಿಂಗಳಿಗೆ ಒಂದು ತಲೆಮಾರು. ಮುಂದಿನ ಸಲ ಹೊಲದಲ್ಲಿ ಇರುವುದು ಬಹುಪಾಲು ಆ ಉಳಿದವುಗಳ ಮಕ್ಕಳು. ಅದೇ ಎಣ್ಣಿ ಮತ್ತೆ ಹೊಡೆದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. 1980ರ ದಶಕದ ಕೊನೆಯಲ್ಲಿ ಆಂಧ್ರದ ಹತ್ತಿ ಹೊಲಗಳಲ್ಲಿ ಇದೇ ಹುಳು ಪೈರೆಥ್ರಾಯ್ಡ್ ಗುಂಪಿನ ಔಷಧಿಗೆ ಜಗ್ಗದೆ ನಿಂತಿತು. ರೈತರು ಆ ಪೆಟ್ಟಿನಿಂದ ಬಹಳ ನೊಂದರು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾವ ಒಂದು ಕೀಡಿಯೂ ಎಣ್ಣಿ ಕುಡಿದು ರೂಢಿ ಮಾಡಿಕೊಳ್ಳಲಿಲ್ಲ. ಸಾಯುವವು ಸತ್ತವು, ಉಳಿಯುವವು ಉಳಿದವು. ಬದಲಾದದ್ದು ಗುಂಪು. ಇದಕ್ಕೇ ನಿಸರ್ಗದ ಆಯ್ಕೆ ಎನ್ನುವುದು. ನಮ್ಮ ತೊಗರಿ ತಳಿಗಳ ಹಿಂದೆಯೂ ಇದೇ ಲೆಕ್ಕ ಇದೆ, ಆಯ್ಕೆ ಮಾಡುವವನು ಮಾತ್ರ ಮನುಷ್ಯ. ನೆಟೆ ರೋಗ ಬಿದ್ದ ಹೊಲದಲ್ಲಿ ಒಣಗದೆ ನಿಂತ ಗಿಡದ ಬೀಜ ಎತ್ತಿಟ್ಟುಕೊಂಡು, ಮತ್ತೆ ಬಿತ್ತಿ, ಮತ್ತೆ ಆರಿಸುತ್ತಾರೆ. ಈ ವಿಚಾರವನ್ನು ಪುಸ್ತಕ ಮಾಡಿ ಜಗತ್ತಿಗೆ ಹೇಳಿದ ಇಂಗ್ಲೆಂಡಿನ ವಿಜ್ಞಾನಿ ಡಾರ್ವಿನ್ ಕೂಡ ಅದನ್ನು ಹೀಗೇ ಶುರು ಮಾಡಿದ. ಮಂಗನಿಂದ ಅಲ್ಲ, ಜನ ಸಾಕಿ ಬೆಳೆಸಿದ ಪಾರಿವಾಳದ ತಳಿಗಳಿಂದ.

ಇನ್ನು ಹುಡುಗಿಯ ಪ್ರಶ್ನೆ. ನಾನು ಅವಳಿಗೆ ಕೇಳಿದೆ, "ನೀನು ನಿನ್ನ ಕಾಕಾನ ಮಗನಿಂದ ಹುಟ್ಟೀಯೇನ?" ನಕ್ಕಳು. "ಇಲ್ಲ. ಇಬ್ಬರಿಗೂ ಮುತ್ಯಾ ಒಬ್ಬನೇ." ಅಷ್ಟೇ ಉತ್ತರ. ಮನುಷ್ಯ ಈಗಿನ ಮಂಗನಿಂದ ಬಂದವನಲ್ಲ. ನಮಗೂ ಚಿಂಪಾಂಜಿಗೂ ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಒಬ್ಬ ಮುತ್ಯಾ ಇದ್ದ. ನಮ್ಮ ಗುಡಿಗಳ ಮೇಲೆ ಕೂತು ತೆಂಗಿನಕಾಯಿ ಕಸಿಯುವ ಮಂಗನಿಗೂ ನಮಗೂ ಇದ್ದ ಮುತ್ಯಾ ಇನ್ನೂ ಹಿಂದಿನವ, ಎರಡೂವರೆ ಕೋಟಿ ವರ್ಷಕ್ಕೂ ಮೊದಲಿನವ. ಮನೆ ಪಾಲಾದ ಮೇಲೆ ಒಂದು ಕವಲು ಒಂದು ಊರಿಗೆ ಹೋಯಿತು, ಇನ್ನೊಂದು ಇನ್ನೊಂದು ಊರಿಗೆ. ಕಾಕಾನ ಮಗ ಯಾಕೆ ನೀನಾಗುತ್ತಿಲ್ಲ ಎಂದು ಯಾರೂ ಕೇಳುವುದಿಲ್ಲ ಅಲ್ವಾ?

ಇಷ್ಟು ಸರಳ ಮಾತಿಗೆ ಅಷ್ಟೊಂದು ಬೆಂಕಿ ಹತ್ತಿದ್ದು ಯಾಕೆ ಎಂದು ತಿಳಿಯಲು 1859ರ ಇಂಗ್ಲೆಂಡಿಗೆ ಹೋಗಬೇಕು. ಚಾರ್ಲ್ಸ್ ಡಾರ್ವಿನ್ ಹುಟ್ಟಿದ್ದು 1809ರಲ್ಲಿ. ಮಗ ಪಾದ್ರಿಯಾಗಲಿ ಎಂದು ಮನೆಯವರು ಕೇಂಬ್ರಿಜ್‌ಗೆ ಕಳಿಸಿದ್ದರು. ಅವನು 1831ರಲ್ಲಿ ಬೀಗಲ್ ಎಂಬ ಹಡಗು ಹತ್ತಿ ಐದು ವರ್ಷ ಜಗತ್ತು ಸುತ್ತಿ ಬಂದ. 1838ರ ಹೊತ್ತಿಗೆ ನಿಸರ್ಗದ ಆಯ್ಕೆಯ ವಿಚಾರ ಅವನಿಗೆ ಹೊಳೆದಿತ್ತು. ಆದರೆ ಇಪ್ಪತ್ತು ವರ್ಷ ಬಾಯಿ ಬಿಡಲಿಲ್ಲ. 1844ರಲ್ಲಿ ಗೆಳೆಯ ಹುಕರ್‌ಗೆ ಕಾಗದ ಬರೆದು, ಜೀವಜಾತಿಗಳು ಬದಲಾಗುತ್ತವೆ ಎಂದು ಹೇಳುವುದು ಕೊಲೆ ಮಾಡಿದ್ದನ್ನು ಒಪ್ಪಿಕೊಂಡ ಹಾಗೆ ಅನ್ನಿಸುತ್ತದೆ ಎಂದ. ಎಷ್ಟು ಅಂಜಿದ್ದ ನೋಡಿ. 1858ರಲ್ಲಿ ಆಲ್‌ಫ್ರೆಡ್ ವಾಲೇಸ್ ಎಂಬಾತ ದೂರದ ದ್ವೀಪಗಳಿಂದ ಇದೇ ವಿಚಾರ ಬರೆದು ಕಳಿಸಿದ ಮೇಲೆ ಗತಿ ಇರಲಿಲ್ಲ. ಇಬ್ಬರ ಬರಹವನ್ನೂ ಆ ಜುಲೈ 1ರಂದು ಲಂಡನ್ನಿನಲ್ಲಿ ಒಟ್ಟಿಗೆ ಓದಿದರು. ಮರುವರ್ಷ ಡಾರ್ವಿನ್ನನ ಪುಸ್ತಕ ಬಂತು.

ಆ ಪುಸ್ತಕದಲ್ಲಿ ಮನುಷ್ಯನ ಹುಟ್ಟಿನ ಬಗ್ಗೆ ಇದ್ದದ್ದು ಕೊನೆಗೆ ಬರುವ ಒಂದು ವಾಕ್ಯ ಅಷ್ಟೇ. ಮನುಷ್ಯನ ಮೂಲದ ಮೇಲೂ ಬೆಳಕು ಬೀಳುತ್ತದೆ ಎಂಬ ಅರ್ಥದ್ದು. ಪಾರಿವಾಳ, ಜೇನ್ನೊಣ, ಹೂವು ಎಲ್ಲ ಬಿಟ್ಟು ಜನ ಆ ಒಂದು ವಾಕ್ಯಕ್ಕೆ ಓಡಿದರು. ನಮ್ಮ ಅಂಗಡಿಯಲ್ಲಿ ಆದದ್ದೂ ಅದೇ.

ಆಗಿನ ನಂಬಿಕೆ ಏನಿತ್ತು? 17ನೇ ಶತಮಾನದಲ್ಲಿ ಜೇಮ್ಸ್ ಅಷರ್ ಎಂಬ ಆರ್ಚ್‌ಬಿಷಪ್ ಬೈಬಲ್ಲಿನ ವಂಶಾವಳಿ ಕೂಡಿಸಿ, ಜಗತ್ತು ಹುಟ್ಟಿದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಲೆಕ್ಕ ಹಾಕಿದ್ದರು. ಎಷ್ಟೋ ಬೈಬಲ್ ಪ್ರತಿಗಳ ಅಂಚಿನಲ್ಲಿ ಆ ವರ್ಷ ಅಚ್ಚಾಗುತ್ತಿತ್ತು. ಡಾರ್ವಿನ್ ಕಾಲಕ್ಕೆ ಓದಿದ ಪಾದ್ರಿಗಳಲ್ಲೇ ಬಹಳ ಜನ ಈ ಲೆಕ್ಕ ಬಿಟ್ಟಿದ್ದರು, ಭೂಮಿ ಬಹಳ ಹಳೆಯದು ಎಂದು ಒಪ್ಪಿದ್ದರು. ಅವರಿಗೆ ಚುಚ್ಚಿದ್ದು ಬೇರೆ. ವಿಲಿಯಂ ಪೇಲಿ ಎಂಬ ಪಾದ್ರಿ 1802ರಲ್ಲಿ ಹೇಳಿದ ಮಾತು ಎಲ್ಲರ ಮನಸ್ಸಿನಲ್ಲಿ ಕೂತಿತ್ತು. ದಾರಿಯಲ್ಲಿ ಗಡಿಯಾರ ಸಿಕ್ಕರೆ ಅದನ್ನು ಮಾಡಿದವನೊಬ್ಬ ಇದ್ದಾನೆ ಎಂದು ಗೊತ್ತಾಗುತ್ತದೆ. ಕಣ್ಣು, ರೆಕ್ಕೆ ಇಷ್ಟು ಅಚ್ಚುಕಟ್ಟಾಗಿವೆ ಎಂದರೆ ಇವನ್ನೂ ಒಬ್ಬ ಮಾಡಿರಬೇಕು. ಡಾರ್ವಿನ್ ಕೂಡ ಓದುವಾಗ ಇದನ್ನು ಮೆಚ್ಚಿದ್ದ. ಆಮೇಲೆ ಅವನೇ ತೋರಿಸಿದ್ದು, ಯಾರೂ ಕೂತು ಜೋಡಿಸದೆ, ಸಾವು ಮತ್ತು ಉಳಿವಿನ ಜರಡಿಯಲ್ಲೇ ಇಷ್ಟೆಲ್ಲ ಆಗಬಹುದು ಎಂದು. ದೇವರಿಲ್ಲ ಎಂದು ಅವನು ಬರೆಯಲಿಲ್ಲ. ಆದರೆ ದೇವರಿದ್ದಾನೆ ಎನ್ನಲು ಜನ ನೆಚ್ಚಿಕೊಂಡಿದ್ದ ಒಂದು ಕಂಬ ಅಲ್ಲಾಡಿತು.

ಅವನ ಸಂಕಟವನ್ನು ನಮ್ಮ ಕಡಲೆ ಹೊಲದಲ್ಲೇ ನೋಡಬಹುದು. ತೊಗರಿಯ ಅದೇ ಕೀಡಿ ಕಡಲೆಗೂ ಬರುತ್ತದೆ. ಗಿಡ ಬಗ್ಗಿಸಿ ನೋಡಿದರೆ ಕೆಲವು ಕಡೆ ಕೀಡಿಯ ಸುಕ್ಕಿದ ಚರ್ಮ, ಪಕ್ಕದಲ್ಲಿ ಜೋಳದ ಕಾಳಿನಷ್ಟು ಚಿಕ್ಕ ಗೂಡು. ಅದು ಒಂದು ಸಣ್ಣ ಕಣಜದ ಗೂಡು. ಹೆಣ್ಣು ಕಣಜ ಎಳೆಯ ಕೀಡಿಯ ಮೈಯೊಳಗೆ ಮೊಟ್ಟೆ ಚುಚ್ಚುತ್ತದೆ. ಮೊಟ್ಟೆಯೊಡೆದ ಮರಿ, ಕೀಡಿ ಬದುಕಿರುವಾಗಲೇ ಅದನ್ನು ಒಳಗಿನಿಂದ ತಿನ್ನುತ್ತದೆ. ನಮಗೆ ಅದು ರೈತನ ಗೆಳೆಯ. ಇದೇ ವಂಶದ ಕಣಜಗಳ ಬಗ್ಗೆ ಡಾರ್ವಿನ್ 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ. ಬದುಕಿರುವ ಹುಳುವಿನ ಮೈಯನ್ನು ಹೀಗೆ ತಿನ್ನಲಿ ಎಂದೇ ಕರುಣಾಳು ದೇವರು ಇವನ್ನು ಹುಟ್ಟಿಸಿದ ಎಂದು ನಂಬಲು ನನ್ನಿಂದ ಆಗುತ್ತಿಲ್ಲ ಎಂದ. ಅದಕ್ಕೆ ಒಂಬತ್ತು ವರ್ಷ ಮೊದಲು ಅವನ ಹತ್ತು ವರ್ಷದ ಮಗಳು ಆ್ಯನಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಆ ಕಾಗದ ಬರೆದವನನ್ನು ದೇವರ ಮೇಲೆ ಯುದ್ಧಕ್ಕೆ ಹೊರಟವನು ಎಂದು ನನಗೆ ಓದಲು ಆಗುವುದಿಲ್ಲ. ಅದು ನೊಂದವನ ಮಾತು.

ಕಾಗದ ಪಡೆದ ಏಸಾ ಗ್ರೇ ದೈವಭಕ್ತ ಕ್ರೈಸ್ತ. ವಿಕಾಸವಾದವನ್ನು ಅಮೆರಿಕದಲ್ಲಿ ಗಟ್ಟಿಯಾಗಿ ಬೆಂಬಲಿಸಿದವನೂ ಅವನೇ. ಧರ್ಮ ಒಂದು ಕಡೆ, ವಿಜ್ಞಾನ ಒಂದು ಕಡೆ ನಿಂತು ಬಡಿದಾಡಿದವು ಎಂಬ ಚಿತ್ರ ಪೂರ್ತಿ ನಿಜವಲ್ಲ ಎನ್ನಲು ಇದೊಂದು ಸಾಕು. 1860ರ ಜೂನ್ 30ರಂದು ಆಕ್ಸ್‌ಫರ್ಡಿನಲ್ಲಿ ಬಿಷಪ್ ವಿಲ್ಬರ್‌ಫೋರ್ಸ್ ಮತ್ತು ಡಾರ್ವಿನ್ ಪರ ನಿಂತ ವಿಜ್ಞಾನಿ ಥಾಮಸ್ ಹಕ್ಸ್‌ಲಿ ನಡುವೆ ವಾದ ಆದದ್ದು ನಿಜ. ನೀವು ಮಂಗನ ಸಂಬಂಧ ಹಿಡಿಯುವುದು ಅಜ್ಜನ ಕಡೆಯಿಂದಲೋ ಅಜ್ಜಿಯ ಕಡೆಯಿಂದಲೋ ಎಂದು ಬಿಷಪ್ ಕೇಳಿದರು ಎಂಬ ಕಥೆ ಬಹಳ ಪ್ರಸಿದ್ಧ. ಆದರೆ ಅಲ್ಲಿ ಆಡಿದ ಮಾತನ್ನು ಆಗಲೇ ಅಕ್ಷರಕ್ಕೆ ಅಕ್ಷರ ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಕಥೆ ಬೆಳೆದದ್ದು ಆಮೇಲೆ, ನೆನಪಿನಿಂದ. ಇತ್ತ ವಿಜ್ಞಾನಿಗಳಲ್ಲೂ ವಿರೋಧ ಇತ್ತು. ಲಾರ್ಡ್ ಕೆಲ್ವಿನ್ ಎಂಬ ದೊಡ್ಡ ಭೌತವಿಜ್ಞಾನಿ, ಭೂಮಿ ತಣ್ಣಗಾಗುವ ಲೆಕ್ಕ ಹಿಡಿದು, ಕೊನೆಗೆ ಅದರ ವಯಸ್ಸನ್ನು 2ರಿಂದ 4 ಕೋಟಿ ವರ್ಷಕ್ಕೆ ಇಳಿಸಿದ. ವಿಕಾಸಕ್ಕೆ ಅಷ್ಟು ಕಾಲ ಸಾಲದು. ವಿಕಿರಣಶೀಲತೆ ಗೊತ್ತಾದ ಮೇಲೆ ಆ ಲೆಕ್ಕ ತಪ್ಪು ಎಂದು ತಿಳಿಯಿತು. ಈಗಿನ ಲೆಕ್ಕ ಸುಮಾರು 454 ಕೋಟಿ ವರ್ಷ. 1882ರಲ್ಲಿ ಡಾರ್ವಿನ್ ತೀರಿಕೊಂಡಾಗ ಅವನನ್ನು ಮಣ್ಣು ಮಾಡಿದ್ದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಅಂದರೆ ಚರ್ಚಿನ ಒಳಗೇ.

ಕಾಲದ ಮಾತು ಬಂದಾಗ ನನಗೆ ನೆನಪಾಗುವುದು ಹುಣಸಗಿ. ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರ ಇಸಾಂಪುರ ಅಂತ ಊರಿದೆ. ಅಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಅವರ ಜೊತೆಯವರು ನೆಲ ಅಗೆದು ನೋಡಿದರು. ಸಿಕ್ಕಿದ್ದು ಹಳೆಯ ಶಿಲಾಯುಗದ ಕಲ್ಲಿನ ಕೈಗೊಡಲಿಗಳು, ಅವನ್ನು ಕೆತ್ತಿದ ಜಾಗ, ಕೆತ್ತಲು ಬಳಸಿದ ಸುತ್ತಿಗೆ ಕಲ್ಲುಗಳು, ಎದ್ದ ಚೂರುಗಳು. ಒಂದು ಕಾರ್ಖಾನೆಯೇ ಅನ್ನಿ. ಅಲ್ಲೇ ಸಿಕ್ಕ ಪ್ರಾಣಿಯ ಹಲ್ಲಿನಿಂದ ಕಾಲ ಅಳೆದಾಗ ಬಂದದ್ದು ಸುಮಾರು 12 ಲಕ್ಷ ವರ್ಷ. ನಮ್ಮಂಥ ಮನುಷ್ಯರು ಹುಟ್ಟಿ ಸುಮಾರು 3 ಲಕ್ಷ ವರ್ಷ ಅಷ್ಟೇ. ಹಾಗಾದರೆ ಇಸಾಂಪುರದಲ್ಲಿ ಕೂತು ಕಲ್ಲು ಒಡೆದವರು ಯಾರು? ನಮ್ಮ ಹಾಗೇ ನೆಟ್ಟಗೆ ನಡೆಯುತ್ತಿದ್ದ, ಕೈಯಲ್ಲಿ ಕೆಲಸ ಕಲಿತಿದ್ದ, ಆದರೆ ಇನ್ನೂ ನಾವಲ್ಲದ ಒಂದು ಮನುಷ್ಯ ಜಾತಿ. ಅವರು ಕೆತ್ತಿದ ಸುಣ್ಣದ ಕಲ್ಲು, ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಫರಸಿ ಎರಡೂ ಒಂದೇ ಭೀಮಾ ಕಣಿವೆಯ ಬಂಡೆ ಸಾಲಿನವು. ಆ ಬಂಡೆ ಇನ್ನೂ ಹಳೆಯದು. 54 ಕೋಟಿ ವರ್ಷಕ್ಕೂ ಹಿಂದಿನದು, ಚಿಪ್ಪಿನ ಪ್ರಾಣಿಗಳು ಎಲ್ಲೆಡೆ ಹಬ್ಬುವುದಕ್ಕಿಂತ ಮೊದಲಿನದು. ಬೇಸಿಗೆಯಲ್ಲಿ ತಂಪಿಗೆಂದು ಬರಿ ನೆಲದ ಮೇಲೆ ಮಲಗುತ್ತೇವಲ್ಲ, ಬೆನ್ನಿನ ಕೆಳಗೆ ಅಷ್ಟು ಕಾಲ ಇರುತ್ತದೆ.

ಜಗಳ ಇಂಗ್ಲೆಂಡಿನಲ್ಲೇ ನಿಲ್ಲಲಿಲ್ಲ, ನಮ್ಮ ಹತ್ತಿರಕ್ಕೂ ಬೇಗ ಬಂತು. ಕಲಬುರಗಿ, ಬೀದರ್, ಯಾದಗಿರಿ ಎಲ್ಲ ಆಗ ನಿಜಾಮರ ಸಂಸ್ಥಾನ. 1879ರಲ್ಲಿ ಈಜಿಪ್ಟಿನಿಂದ ಹೊರಹಾಕಿಸಿಕೊಂಡ ಜಮಾಲುದ್ದೀನ್ ಅಫ್ಘಾನಿ ಎಂಬ ಇಸ್ಲಾಮಿ ಚಿಂತಕ ಹೈದರಾಬಾದಿಗೆ ಬಂದು ನೆಲೆಸಿದರು. ಅಲ್ಲಿ ಪರ್ಷಿಯನ್ ಭಾಷೆಯಲ್ಲಿ ಭೌತವಾದಿಗಳನ್ನು, ಅಂದರೆ ಜಡವಸ್ತುವೇ ಎಲ್ಲ ಎನ್ನುವವರನ್ನು ಖಂಡಿಸಿ ಒಂದು ಬರಹ ಬರೆದರು. 1881ರಲ್ಲಿ ಅದು ಅಚ್ಚಾಯಿತು. ಅದರಲ್ಲಿ ಡಾರ್ವಿನ್ನನಿಗೂ ಪೆಟ್ಟು ಇದೆ. ಇವನ ಮಾತು ನಿಜವಾದರೆ ಕಾಲ ಕಳೆದಂತೆ ಚಿಗಟ ಆನೆಯಾಗಬಹುದು, ಆನೆ ಚಿಗಟವಾಗಬಹುದು ಎಂದರು. ಇನ್ನೊಂದು ಪ್ರಶ್ನೆಯನ್ನೂ ಹಾಕಿದರು. ಅರಬರು, ಯಹೂದಿಗಳು ಸಾವಿರಾರು ವರ್ಷಗಳಿಂದ ಖತ್ನಾ ಮಾಡಿಸುತ್ತಿದ್ದಾರೆ. ಆದರೂ ಮಕ್ಕಳು ಖತ್ನಾ ಆಗಿಯೇ ಯಾಕೆ ಹುಟ್ಟುವುದಿಲ್ಲ?

ಇದು ಪೆದ್ದು ಪ್ರಶ್ನೆ ಅಲ್ಲ. ನಮ್ಮಲ್ಲಿ ತಲೆತಲಾಂತರದಿಂದ ಕಿವಿ ಚುಚ್ಚುತ್ತಾರೆ, ಆದರೂ ಯಾವ ಕೂಸೂ ಕಿವಿಯಲ್ಲಿ ತೂತು ಇಟ್ಟುಕೊಂಡು ಹುಟ್ಟುವುದಿಲ್ಲ. ಬದುಕಿರುವಾಗ ಮೈಗೆ ಆದ ಬದಲಾವಣೆ ಮಕ್ಕಳಿಗೆ ಹೋಗುತ್ತದೆ ಎಂದು ಆಗ ಬಹಳ ಜನ ನಂಬಿದ್ದರು. ಡಾರ್ವಿನ್ ಕೂಡ ಅದನ್ನು ಸ್ವಲ್ಪ ಒಪ್ಪಿದ್ದ. ಆ ನಂಬಿಕೆಗೆ ಅಫ್ಘಾನಿಯ ಪ್ರಶ್ನೆ ಸರಿಯಾಗಿಯೇ ತಾಗುತ್ತದೆ. ಅದೇ ದಶಕದ ಕೊನೆಯಲ್ಲಿ ಜರ್ಮನಿಯ ಜೀವವಿಜ್ಞಾನಿ ವೈಸ್‌ಮನ್ ತಲೆಮಾರಿನ ಮೇಲೆ ತಲೆಮಾರು ಇಲಿಗಳ ಬಾಲ ಕತ್ತರಿಸಿ ನೋಡಿದ. ಮರಿಗಳು ಬಾಲ ಸಮೇತವೇ ಹುಟ್ಟಿದವು. ನಿಸರ್ಗದ ಆಯ್ಕೆಗೆ ಮಾತ್ರ ಇದರಿಂದ ಏಟು ಬೀಳಲಿಲ್ಲ, ಯಾಕೆಂದರೆ ಅದು ಹೇಳುವುದೇ ಬೇರೆ. ನಮ್ಮ ಅಂಗಡಿಗೆ ಬಂದ ಹಿರಿಯರ "ರೂಢಿ ಆಗ್ಯಾದ" ಎಂಬ ಮಾತಿನಲ್ಲಿ ಇದ್ದದ್ದೂ ಇದೇ ತಪ್ಪು. ಅಫ್ಘಾನಿಯಂಥ ಪಂಡಿತರೂ, ದಿನಾ ಹೊಲ ನೋಡುವ ರೈತರೂ ಒಂದೇ ಜಾಗದಲ್ಲಿ ಎಡವುತ್ತಾರೆ ಎಂದರೆ ಆ ಜಾಗ ಜಾರು ಇದೆ ಎಂದೇ ಅರ್ಥ.

ಇಲ್ಲಿಯವರೆಗೆ ಹೇಳಿದ್ದು ಒಂದು ಜಗಳ. ಇದು ಸಿದ್ಧಾಂತದ ಮೇಲಿನ ಜಗಳ. ಇನ್ನೊಂದು ಜಗಳ ಇದೆ. ಅದು ಸಿದ್ಧಾಂತದ ಹೆಸರು ಹೇಳಿಕೊಂಡು ಜನರನ್ನು ತುಳಿದವರ ಮೇಲಿನ ಜಗಳ. ಎರಡನ್ನೂ ಕಲಸಿಬಿಡುತ್ತಾರೆ, ಅದರಿಂದ ಬಹಳ ಹಾನಿ ಆಗಿದೆ.

ಬಲ್ಲಿದರೇ ಉಳಿಯುತ್ತಾರೆ ಎಂಬ ಅರ್ಥದಲ್ಲಿ ಜನ ಬಳಸುವ "ಸರ್ವೈವಲ್ ಆಫ್ ದಿ ಫಿಟೆಸ್ಟ್" ಎಂಬ ಪ್ರಸಿದ್ಧ ಮಾತು ಡಾರ್ವಿನ್ನನದ್ದಲ್ಲ. 1864ರಲ್ಲಿ ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್ ಹೇಳಿದ್ದು. ಡಾರ್ವಿನ್ ಅದನ್ನು ಆಮೇಲೆ ತನ್ನ ಪುಸ್ತಕಕ್ಕೆ ತೆಗೆದುಕೊಂಡ. ಅಲ್ಲಿ ಅದರ ಅರ್ಥ ಆ ಹೊತ್ತಿಗೆ, ಆ ಜಾಗಕ್ಕೆ ಹೊಂದಿಕೊಂಡದ್ದು ಉಳಿಯುತ್ತದೆ ಎಂದು. ಎಣ್ಣಿ ಹೊಡೆದ ಹೊಲದಲ್ಲಿ ಉಳಿದ ಕೀಡಿ ದೊಡ್ಡದೂ ಅಲ್ಲ, ಶ್ರೇಷ್ಠವೂ ಅಲ್ಲ. ಎಣ್ಣಿ ಇಲ್ಲದ ಹೊಲದಲ್ಲಿ ಅದಕ್ಕೆ ಯಾವ ಲಾಭವೂ ಇಲ್ಲ. ಆದರೆ ಹಣವಿದ್ದವರು, ದೇಶ ಗೆದ್ದವರು ಇದನ್ನು ತಮ್ಮ ಮೇಲೆ ಹಾಕಿಕೊಂಡರು. ನಾವು ಮೇಲಿದ್ದೇವೆ, ಅಂದರೆ ನಿಸರ್ಗವೇ ನಮ್ಮನ್ನು ಆರಿಸಿದೆ ಎಂದರು. 1883ರಲ್ಲಿ ಡಾರ್ವಿನ್ನನ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್, ಒಳ್ಳೆಯ ತಳಿಯ ಮನುಷ್ಯರನ್ನು ಹೆಚ್ಚಿಸಬೇಕು ಎಂಬ ವಿಚಾರಕ್ಕೆ ಯುಜೆನಿಕ್ಸ್ ಎಂದು ಹೆಸರಿಟ್ಟ. ತೊಗರಿ ತಳಿ ಆರಿಸಿದ ಹಾಗೆ ಮನುಷ್ಯರನ್ನು ಆರಿಸುವ ಮಾತು! 1907ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ "ಅಯೋಗ್ಯ"ರಿಗೆ ಒತ್ತಾಯದಿಂದ ಸಂತಾನಶಕ್ತಿ ಕಳೆಯುವ ಕಾನೂನು ಮಾಡಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಆ ದೇಶದಲ್ಲಿ 60,000ಕ್ಕೂ ಹೆಚ್ಚು ಜನ ಹೀಗೆ ಆಪರೇಷನ್‌ಗೆ ಗುರಿಯಾದರು. ಜರ್ಮನಿಯಲ್ಲಿ 1933ರ ನಾಜಿ ಕಾನೂನಿನ ಕೆಳಗೆ ಸುಮಾರು 4 ಲಕ್ಷ. ಆಮೇಲೆ ಅಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು.

ನಮ್ಮ ದೇಶಕ್ಕೂ ಈ ಅಳತೆಪಟ್ಟಿ ಬಂತು. ಹರ್ಬರ್ಟ್ ರಿಸ್ಲಿ ಎಂಬ ಬ್ರಿಟಿಷ್ ಅಧಿಕಾರಿ ಜಾತಿವಾರು ಜನರ ಮೂಗು ಅಳೆಸಿದ. ಮೂಗು ಸಣ್ಣ ಇದ್ದಷ್ಟು ಜಾತಿ ಮೇಲು, ಅಗಲ ಇದ್ದಷ್ಟು ಕೀಳು ಎಂದು ಸಾಧಿಸಲು ನೋಡಿದ. 1901ರ ಜನಗಣತಿಯ ಮುಖ್ಯಸ್ಥ ಅವನೇ. 1948ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಇದೇ ಮೂಗಿನ ಅಳತೆಗಳನ್ನೇ ಮುಂದಿಟ್ಟು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಜನಾಂಗ ಎಂಬ ವಾದಕ್ಕೆ ಅದರಲ್ಲಿ ಆಧಾರವಿಲ್ಲ ಎಂದು ತೋರಿಸಿದರು. ಯಾವ ಇಬ್ಬರು ಮನುಷ್ಯರ ಡಿಎನ್‌ಎ ತೆಗೆದುಕೊಂಡರೂ ನೂರಕ್ಕೆ ಸುಮಾರು 99.9 ಪಾಲು ಒಂದೇ ಎಂದು ಇವತ್ತು ಗೊತ್ತಿದೆ. ಎಲ್ಲರ ಬೇರೂ ಆಫ್ರಿಕದಲ್ಲಿದೆ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬೇಡಿ ಎಂದು ಶರಣರು ಹೇಳಿದ ಕಲ್ಯಾಣ ನಮ್ಮ ಬೀದರ್ ಜಿಲ್ಲೆಯಲ್ಲೇ ಇದೆ. ಅವರು ಆ ಮಾತಿಗೆ ವಿಜ್ಞಾನದ ಪುರಾವೆ ಕಾಯಲಿಲ್ಲ. ವಿಕಾಸವಾದವನ್ನು ಸರಿಯಾಗಿ ಓದಿದರೆ ಅದು ಆ ಮಾತಿನ ವಿರುದ್ಧ ಹೋಗುವುದೂ ಇಲ್ಲ. ಎಲ್ಲರೂ ಒಂದೇ ಮುತ್ಯಾನ ಮಕ್ಕಳು ಎನ್ನುವುದೇ ಅದರ ತಿರುಳು.

ಎರಡು ಜಗಳ ಹೇಗೆ ಸಿಕ್ಕುಬಿದ್ದವು ಎಂದು ನೋಡಲು 1925ರ ಅಮೆರಿಕದ ಡೇಟನ್ ಊರಿನ ಮೊಕದ್ದಮೆಯಷ್ಟು ಒಳ್ಳೆಯ ಜಾಗ ಇಲ್ಲ. ಟೆನೆಸಿ ರಾಜ್ಯ ಆ ವರ್ಷ, ಸರಕಾರಿ ಶಾಲೆಯಲ್ಲಿ ಮನುಷ್ಯನ ವಿಕಾಸ ಕಲಿಸಬಾರದು ಎಂದು ಕಾನೂನು ಮಾಡಿತ್ತು. ಜಾನ್ ಸ್ಕೋಪ್ಸ್ ಎಂಬ 24 ವರ್ಷದ ಮಾಸ್ತರ ಮೇಲೆ ಕೇಸು ಬಿತ್ತು. ಸರಕಾರದ ಪರ ನಿಂತವರು ವಿಲಿಯಂ ಜೆನ್ನಿಂಗ್ಸ್ ಬ್ರಯನ್. ಮೂರು ಸಲ ಅಧ್ಯಕ್ಷ ಚುನಾವಣೆಗೆ ನಿಂತು ಸೋತವರು, ರೈತರ, ಬಡವರ ಪರ ಮಾತಾಡಿ ಹೆಸರು ಮಾಡಿದವರು. ಮಾಸ್ತರ ಪರ ವಕೀಲ ಕ್ಲಾರೆನ್ಸ್ ಡ್ಯಾರೊ. ರೇಡಿಯೋದಲ್ಲಿ ವಿಚಾರಣೆ ನೇರ ಪ್ರಸಾರ ಆಯಿತು. ಬ್ರಯನ್‌ರನ್ನೇ ಸಾಕ್ಷಿಕಟ್ಟೆಗೆ ಕರೆದು ಡ್ಯಾರೊ ಬೈಬಲ್ ಮೇಲೆ ಪ್ರಶ್ನೆ ಹಾಕಿದ್ದು ದೊಡ್ಡ ಸುದ್ದಿ. ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು. ವಿಚಾರಣೆ ಮುಗಿದ ಐದು ದಿನಕ್ಕೆ ಬ್ರಯನ್ ತೀರಿಕೊಂಡರು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಸುತ್ತಾರೆ, ಬ್ರಯನ್ ಹಳೇ ತಲೆ, ಸ್ಕೋಪ್ಸ್ ಹೊಸ ಬೆಳಕು ಎಂದು. ಆದರೆ ಬ್ರಯನ್‌ಗೆ ಇದ್ದ ಅಂಜಿಕೆ ಬರೀ ಬೈಬಲ್ಲಿನದಲ್ಲ. ಬಲವಿದ್ದವನದೇ ನ್ಯಾಯ ಎಂಬ ಮಾತನ್ನು ಜನ ಈ ಸಿದ್ಧಾಂತದಿಂದ ಹೊರಡಿಸುತ್ತಿದ್ದಾರೆ ಎಂದು ಅವರು ಮೊದಲ ಮಹಾಯುದ್ಧ ನೋಡಿ ಹೆದರಿದ್ದರು. ಸ್ಕೋಪ್ಸ್ ಬಳಸಿದ ಪಾಠಪುಸ್ತಕ ತೆರೆದು ನೋಡಿದರೆ ಆ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ ಎಂದು ಗೊತ್ತಾಗುತ್ತದೆ. ಅದರಲ್ಲಿ ವಿಕಾಸದ ಪಾಠ ಇತ್ತು. ಅದೇ ಪುಸ್ತಕದಲ್ಲಿ ಮನುಷ್ಯರನ್ನು ಐದು ಜನಾಂಗ ಮಾಡಿ ಬಿಳಿಯರನ್ನು ಎಲ್ಲರಿಗಿಂತ ಮೇಲೆ ಕೂರಿಸಿದ್ದರು. ಬುದ್ಧಿಮಾಂದ್ಯರು, ಅಪರಾಧಿಗಳ ಮನೆತನಗಳನ್ನು ಸಮಾಜದ ಮೇಲಿನ ಪರಾವಲಂಬಿಗಳು ಎಂದು ಬರೆದಿದ್ದರು. ಇದನ್ನು ಓದಿದಾಗ ನನಗೆ ಬಹಳ ಸಂಕಟ ಆಯಿತು. ಸತ್ಯವಾದ ಒಂದು ಪಾಠ, ಅದರ ಬೆನ್ನಿಗೇ ವಿಷ. ಬ್ರಯನ್ ವಿಷವನ್ನು ಸರಿಯಾಗಿ ಗುರುತಿಸಿದರು, ಆದರೆ ಪಾಠವನ್ನೇ ಬೇಡ ಅಂದರು. ಇನ್ನೊಂದು ಕಡೆಯವರು ಪಾಠ ಉಳಿಸಲು ನಿಂತರು, ಪುಸ್ತಕದ ವಿಷದ ಬಗ್ಗೆ ಆ ಕೋರ್ಟಿನಲ್ಲಿ ಜಗಳ ಹೂಡಲಿಲ್ಲ. ಟೆನೆಸಿಯ ಆ ಕಾನೂನು ರದ್ದಾದದ್ದು 1967ರಲ್ಲಿ. ರೋಮಿನ ಪೋಪರೂ ಮೆಲ್ಲಗೆ ಸಡಿಲಾದರು. 1950ರಲ್ಲಿ ಮನುಷ್ಯ ದೇಹದ ವಿಕಾಸವನ್ನು ಚರ್ಚಿಸಬಹುದು ಎಂದರು, 1996ರಲ್ಲಿ ಜಾನ್ ಪಾಲ್ 2 ಇದು ಬರೀ ಊಹೆಗಿಂತ ಹೆಚ್ಚಿನದು ಎಂದು ಒಪ್ಪಿದರು.

ನಮ್ಮಲ್ಲಿ ಹಿಂದೂ ಮನೆಗಳಲ್ಲಿ ಈ ವಿಷಯಕ್ಕೆ ಹೊಡೆದಾಟ ಕಡಿಮೆ. ಬದಲಿಗೆ ಬೇರೆ ಮಾತು ಕೇಳುತ್ತದೆ. ದಶಾವತಾರದಲ್ಲೇ ಇದೆಲ್ಲ ಇದೆಯಲ್ಲ, ಮೊದಲು ಮೀನು, ಆಮೇಲೆ ಆಮೆ, ಹಂದಿ, ನರಸಿಂಹ, ಮನುಷ್ಯ. ಈ ಹೋಲಿಕೆಯೂ ಹೊಸದಲ್ಲ. ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದ ಬ್ಲಾವಟ್ಸ್ಕಿ 1877ರಲ್ಲೇ ಬರೆದಿದ್ದರು. ಭಾರತಕ್ಕೆ ಬಂದು ನೆಲೆಸಿದ ವಿಜ್ಞಾನಿ ಹಾಲ್ಡೇನ್ ಕೂಡ ಇದನ್ನು ಹೇಳಿದ್ದುಂಟು. ಕೇಳಲು ಚೆಂದ, ಮನೆಯಲ್ಲಿ ಜಗಳವೂ ಆಗುವುದಿಲ್ಲ. ಆದರೆ ನನಗೆ ಇದು ಒಪ್ಪಿಗೆ ಇಲ್ಲ. ಪುರಾಣದ ಮೇಲಿನ ಅಗೌರವದಿಂದ ಅಲ್ಲ. ಅವತಾರ ಎಂದರೆ ಒಬ್ಬ ದೇವರು ಬೇಕೆಂದೇ ಇಳಿದು ಬರುವುದು, ಅದಕ್ಕೊಂದು ಕಾರಣ ಇರುತ್ತದೆ. ವಿಕಾಸದಲ್ಲಿ ಮೀನಿಗೆ ಮನುಷ್ಯನಾಗುವ ಗುರಿ ಇರಲಿಲ್ಲ. ಮೀನು ಕೆಳಗಿನ ಮೆಟ್ಟಿಲೂ ಅಲ್ಲ, ಮನುಷ್ಯ ಮೇಲಿನ ಮೆಟ್ಟಿಲೂ ಅಲ್ಲ. ಇದು ಏಣಿ ಅಲ್ಲ, ಕವಲೊಡೆದ ಆಲದ ಮರ. ಏಣಿ ಎಂದ ತಕ್ಷಣ ಯಾರು ಮೇಲೆ, ಯಾರು ಕೆಳಗೆ ಎಂಬ ಮಾತು ಬರುತ್ತದೆ. ರಿಸ್ಲಿ ಹಿಡಿದದ್ದೂ ಏಣಿಯನ್ನೇ.

ಹೊಡೆದಾಟ ಪೂರ್ತಿ ಇಲ್ಲ ಎಂದೂ ಅಲ್ಲ. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು ಡಾರ್ವಿನ್ ಸಿದ್ಧಾಂತ ತಪ್ಪು, ಮಂಗ ಮನುಷ್ಯನಾದದ್ದನ್ನು ನೋಡಿದ್ದೇವೆ ಎಂದು ನಮ್ಮ ಪೂರ್ವಜರು ಯಾರೂ ಹೇಳಿಲ್ಲ, ಬರೆದಿಲ್ಲ ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಅದು ಸರಿಯಲ್ಲ ಎಂದು ಹೇಳಿಕೆ ಕೊಟ್ಟವು. 2023ರಲ್ಲಿ ಇನ್ನೊಂದು ಸುದ್ದಿ, ಶಾಲೆಯ ಪುಸ್ತಕ ಮಾಡುವ ಕೇಂದ್ರದ ಸಂಸ್ಥೆಯದು. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆ ಮತ್ತು ವಿಕಾಸ ಎಂದಿದ್ದ ಪಾಠದಲ್ಲಿ ಅನುವಂಶೀಯತೆ ಮಾತ್ರ ಉಳಿಯಿತು. ಮಕ್ಕಳ ಭಾರ ಇಳಿಸಲು ತೆಗೆದೆವು, ಹನ್ನೆರಡರಲ್ಲಿ ಇದೆ ಎಂಬುದು ಅವರ ಸಮಜಾಯಿಷಿ. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬೇಡ ಎಂದು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡರಲ್ಲಿ ಜೀವಶಾಸ್ತ್ರ ತೆಗೆದುಕೊಳ್ಳುವವರು ಎಷ್ಟು ಮಕ್ಕಳು? ಕಾಮರ್ಸಿಗೆ, ಐಟಿಐಗೆ ಹೋಗುವವರು, ಹತ್ತಕ್ಕೇ ಓದು ಬಿಟ್ಟು ಹೊಲಕ್ಕೆ ಹೋಗುವವರು ಇದನ್ನು ಎಲ್ಲಿ ಕಲಿಯಬೇಕು? ಎಣ್ಣಿ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಬೇಕಾದವರೇ ಅವರು. ಅಣ್ಣನ ಮಗಳು ಓದುವುದು ಕೇಂದ್ರ ಪಠ್ಯಕ್ರಮದ ಶಾಲೆಯಲ್ಲಿ. ಅವಳ ಪುಸ್ತಕ ತಿರುವಿ ನೋಡಿದೆ. ಆ ಭಾಗ ಇರಲಿಲ್ಲ. ಫೋನಿನಲ್ಲಿ ವಿಡಿಯೋ ಮಾತ್ರ ಇತ್ತು.

ಮುಂದಿನ ಭಾನುವಾರ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋದೆ. ಎಣ್ಣಿ ಹೊಡೆಯುವ ಬದಲು ಹಳೆಯ ಪದ್ಧತಿ ಮಾಡೋಣ ಎಂದು ಅಣ್ಣ ಆಳು ಕರೆಸಿದ್ದ. ತೊಗರಿ ಸಾಲಿನ ನಡುವೆ ತಾಡಪಾಲ ಹಾಸಿ, ಗಿಡ ಬಗ್ಗಿಸಿ ಜೋರಾಗಿ ಅಲ್ಲಾಡಿಸುವುದು. ಕೀಡಿ ಪಟಪಟ ಉದುರುತ್ತವೆ. ಅವನ್ನು ಕೂಡಿಸಿ ನಾಶ ಮಾಡುವುದು. ಅವಳೂ ಒಂದು ಗಿಡ ಹಿಡಿದು ಅಲ್ಲಾಡಿಸಿದಳು. ತಾಡಪಾಲ ತುಂಬ ಹಸಿರು, ಕಂದು ಕೀಡಿ. ಆಳುಗಳು ಮುಂದಿನ ಗಿಡಕ್ಕೆ ಹೋದರು. ಅವಳು ಅಲ್ಲೇ ನಿಂತಳು. ಕೊಂಬೆಯನ್ನು ಮೆಲ್ಲಗೆ ತಿರುಗಿಸಿ ಒಂದೊಂದೇ ಕಾಯಿ ನೋಡಿದಳು.

"ಕಾಕಾ, ಮೂರು ಬಿದ್ದಿಲ್ಲ. ಗಟ್ಟಿ ಹಿಡ್ಕೊಂಡಾವ."

"ಹೂಂ."

"ಇವು ಉಳೀತಾವ. ಇವಕ್ಕ ಮಕ್ಕಳಾಗ್ತಾವ. ಹಂಗಂದ್ರ ವರ್ಷಾ ಹಿಂಗೇ ಅಲ್ಲಾಡಿಸ್ಕೋತ ಹೋದ್ರ, ಗಟ್ಟಿ ಹಿಡಿಯೋವೇ ಜಾಸ್ತಿ ಆಗ್ತಾವೇನ?"

"ಹಿಡಿಯೋ ಗುಣ ತಾಯಿಯಿಂದ ಮರಿಗೆ ಬರೋದಿದ್ರ ಆಗಬಹುದು" ಅಂದೆ. "ಬರ್ತದೋ ಇಲ್ಲೋ, ನೋಡಬೇಕು."

ಅವಳು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ 3 ಎಂದು ಬರೆದುಕೊಂಡಳು. ಆಮೇಲೆ ಮುಂದಿನ ಗಿಡಕ್ಕೆ ಹೋದಳು.